ಮೂಗು ಮುಚ್ಚುವ ಮುನ್ನ

ಕುಕ್ಕೆ ಸುಬ್ರಹ್ಮಣ್ಯದ ದೇವರಗದ್ದೆಯಿಂದ ಹೊರಟು, ಭೀಮನಕಲ್ಲನ್ನು ದಾಟಿ, ಗಿರಿಗದ್ದೆಯ ಭಟ್ಟರ ಮನೆಯ ಕಡೆಗೆ ಏರುವ ಕಾಡುದಾರಿಯಲ್ಲಿ ಕೆಲವು ವರ್ಷಗಳ ಹಿಂದೆ ನಾನು ಕಂಡ ಒಂದು ಸಣ್ಣ ಪ್ರಸಂಗವೇ ಈ ಲೇಖನಕ್ಕೆ ಕಾರಣ. ನಮ್ಮ ಮುಂದೆ ನಡೆಯುತ್ತಿದ್ದ ಏಳೆಂಟು ಮಂದಿ ತರುಣರ ತಂಡವೊಂದು ದಾರಿಯ ನಟ್ಟನಡುವೆ ಬಿದ್ದಿದ್ದ, ಸುಲಿದ ತೆಂಗಿನಕಾಯಿಗಿಂತಲೂ ದಪ್ಪನಾದ ಐದಾರು ಉಂಡೆಗಳ ರಾಶಿಯ ಮುಂದೆ ಅರೆಗಳಿಗೆ ನಿಂತು, ಮೂಗು ಮುಚ್ಚಿಕೊಂಡು, ನಗುತ್ತ, ಒಬ್ಬೊಬ್ಬರಾಗಿ ಅದನ್ನು ಹಾರಿ ಮುಂದೆ ಹೋಯಿತು. ಯಾರದೋ ಎಮ್ಮೆ ಇಷ್ಟು ದೂರ ಮೇಯಲು ಬಂದಿದೆಯಲ್ಲಾ ಎಂದು ಅವರಲ್ಲೊಬ್ಬನು ಸೋಜಿಗಪಟ್ಟದ್ದೂ ನನ್ನ ಕಿವಿಗೆ ಬಿತ್ತು. ನಮ್ಮೊಡನೆ ಬರುತ್ತಿದ್ದ ಅರಣ್ಯ ಇಲಾಖೆಯ ವಾಚರ್ ಮಾತ್ರ ಹಾರಲಿಲ್ಲ. ಅವರು ಕುಕ್ಕರಗಾಲಿನಲ್ಲಿ ಕುಳಿತು, ಮುಂಗೈಯನ್ನು ಆ ರಾಶಿಯ ಹತ್ತಿರಕ್ಕೆ ಸೋಂಕಿಯೂ ಸೋಂಕದಂತೆ ಒಡ್ಡಿ, ಕಡ್ಡಿಯೊಂದರಿಂದ ಉಂಡೆಯನ್ನು ಬಿಡಿಸಿ, ಒಳಗಿನಿಂದ ಏನನ್ನೋ ಎಳೆದು ಎಲೆಯಲ್ಲಿ ಒರೆಸಿ ಚೀಲದ ಬದಿಗೆ ಸಿಕ್ಕಿಸಿಕೊಂಡು, ಬಿರಬಿರನೆ ಹೋಗಿ ಆ ಹುಡುಗರನ್ನು ತಡೆದರು. “ಬಿಸಿ ಉಂಟು ಸಾರ್. ಈಗ ಹೋದದ್ದು ಮಾತ್ರ. ಮಾತಾಡದೆ ಸ್ವಲ್ಪ ಕೂತುಕೊಳ್ಳಿ.” ಅರ್ಧ ಗಂಟೆ ಕುಳಿತೆವು. ಎಡಗಡೆಯ ಇಳಿಜಾರಿನಲ್ಲಿ ಒಮ್ಮೆ ಕೊಂಬೆ ಮುರಿದ ಸದ್ದಾಯಿತೇ ಹೊರತು ಮತ್ತೇನೂ ಆಗಲಿಲ್ಲ. ಆನೆ ಕಾಣಲೇ ಇಲ್ಲವೆಂದು ಹುಡುಗರು ಮೇಲೆದ್ದಾಗ ಖಿನ್ನರಾಗಿದ್ದರು. ವಸ್ತುತಃ ಅವರು ಆನೆಯನ್ನು ಕಂಡಿದ್ದರು. ಮೂಗು ಮುಚ್ಚಿಕೊಂಡು ಕಂಡಿದ್ದರು.

ಈ ಜುಗುಪ್ಸೆ ನಮಗೆ ಪಿತ್ರಾರ್ಜಿತವಾಗಿ ಬಂದುದಲ್ಲ. ಸಗಣಿಯಿಂದ ಸಾರಿಸಿದ ಅಂಗಳದಲ್ಲಿ ರಂಗೋಲಿಯಿಟ್ಟು, ಸಗಣಿಯನ್ನೇ ಪಿಳ್ಳಾರಿಯಾಗಿ ಮಾಡಿ ಗರಿಕೆ ಸಿಕ್ಕಿಸಿ ವಿಘ್ನೇಶ್ವರನೆಂದು ಕೈಮುಗಿದು, ಅದನ್ನೇ ಬೆರಣಿ ತಟ್ಟಿ ಒಲೆಗಿಟ್ಟು, ಗೋಮಯದ ಬೂದಿಯನ್ನೇ ವಿಭೂತಿಯೆಂದು ಹಣೆಗೆ ಬಳಿದುಕೊಂಡ ಜನ ನಾವು. ಬಯಲುಸೀಮೆಯ ರೈತನು ಇಂದಿಗೂ ಕುರಿಮಂದೆಯ ಯಜಮಾನನಿಗೆ ಕೂಲಿ ಕೊಟ್ಟು ತನ್ನ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿಕೊಳ್ಳುವುದು ಹಿಕ್ಕೆಯ ಆಸೆಗಲ್ಲದೆ ಉಣ್ಣೆಯ ಆಸೆಗಲ್ಲ. ಭಾಷೆಯಾದರೂ ಈ ವಿಷಯದಲ್ಲಿ ಎಷ್ಟು ವಿವೇಕವುಳ್ಳದ್ದೆಂಬುದನ್ನು ಗಮನಿಸಬೇಕು: ದನ ಎಮ್ಮೆಗಳದು ಸಗಣಿ, ಆನೆ ಕುದುರೆ ಕತ್ತೆಗಳದು ಲದ್ದಿ, ಆಡು, ಕುರಿ, ಮೊಲ, ಇಲಿಗಳದು ಹಿಕ್ಕೆ. ಮೂರು ಪದಗಳು ಮೂರು ಬಗೆಯ ಆಕಾರವನ್ನು ಒಮ್ಮೆಗೇ ಹೇಳಿಬಿಡುತ್ತವೆ. ಮಾಂಸಾಹಾರಿಗಳ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಶಿಷ್ಟ ಬರವಣಿಗೆ ಸಂಕೋಚಗೊಂಡು ‘ಮಲ’ವೆಂಬ ಸಂಸ್ಕೃತದ ಮರೆಯನ್ನು ಹೊಕ್ಕಿದೆ, ಹಳ್ಳಿಯವರು ಆಡುವ ಅಚ್ಚಗನ್ನಡದ ಮಾತನ್ನು ಅಚ್ಚುಹಾಕುವ ಧೈರ್ಯ ಈ ಪತ್ರಿಕೆಯ ಸಂಪಾದಕರಿಗೂ ಇರಲಾರದೆಂದು ನಾನೂ ಆ ಮರೆಯಲ್ಲಿಯೇ ನಿಲ್ಲುವೆನು. ಇಷ್ಟು ಪದಸಂಪತ್ತಿನ ವಾರಸುದಾರರು ಆನೆಯ ಲದ್ದಿಯನ್ನು ಎಮ್ಮೆಯ ಸಗಣಿಯೆಂದು ತಿಳಿದದ್ದು ಹಾಸ್ಯದ ಸಂಗತಿಯಾಗಿ ಮುಗಿಯಬಹುದು, ಅಥವಾ ಹತ್ತು ಹೆಜ್ಜೆ ಮುಂದೆ ದುರಂತವಾಗಿ ಮುಗಿಯಬಹುದು.

ಆನೆಯ ಲದ್ದಿಯು ಕಲಿಯುವವನಿಗೆ ಅತ್ಯಂತ ದಯಾಳುವಾದ ಗುರು. ಒಮ್ಮೆ ನಿಂತು ನೋಡಿದವನು ಅದನ್ನು ಬೇರೆ ಯಾವುದರೊಡನೆಯೂ ಬೆರೆಸಿ ಮೋಸಹೋಗುವ ಸಂಭವವಿಲ್ಲ. ಎಮ್ಮೆಯ ಸಗಣಿ ಒದ್ದೆಯಾಗಿ ತಟ್ಟೆಯಂತೆ ಹರಡಿದರೆ, ಇದು ನಾರಿನಿಂದ ಹೆಣೆದ ಉಂಡೆಗಳಾಗಿ ಬೀಳುತ್ತದೆ. ಆ ಮಹಾಕಾಯದ ಪಚನಶಕ್ತಿ ಅದರ ಗಾತ್ರಕ್ಕೆ ತಕ್ಕಂತೆ ಇಲ್ಲ: ತಿಂದುದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆಯೇ ಹೊರಬೀಳುವುದರಿಂದ, ಬಿದಿರಿನ ಸಿಬಿರು, ಮರದ ತೊಗಟೆಯ ನಾರು, ಹುಲ್ಲಿನ ಬೇರು, ಹಲಸಿನ ಬೀಜ ಎಲ್ಲವೂ ತಮ್ಮ ತಮ್ಮ ಗುರುತನ್ನು ಉಳಿಸಿಕೊಂಡೇ ಇರುತ್ತವೆ. ಪ್ರಾಯದ ಆನೆಯೊಂದು ದಿನಕ್ಕೆ ಹದಿನೈದು ಹದಿನಾರು ಸಲ, ಒಟ್ಟು ಸುಮಾರು 100 ಕಿಲೋದಷ್ಟು ಲದ್ದಿ ಹಾಕುವುದುಂಟು. ಉಂಡೆಯ ಸುತ್ತಳತೆಯಿಂದ ಅದು ಮರಿಯೋ, ಹರೆಯದ್ದೋ, ಮುದಿ ಸಲಗವೋ ಎಂದು ಅಂದಾಜಿಸಬಹುದು. ಹೊಸದಾದರೆ ಹಸಿರು ಮಿಶ್ರಿತ ಬಣ್ಣ, ಮೇಲೆ ಲೋಳೆಯ ಹೊಳಪು, ಒಳಗೆ ಬಿಸಿ. ಬಿಸಿಲು ಬಿದ್ದಂತೆ ಹೊಳಪು ಆರಿ ಕಂದುಬಣ್ಣ ಬರುತ್ತದೆ. ಅಷ್ಟರಲ್ಲಿ ಸಗಣಿಹುಳುಗಳು ಬಂದು ಉಂಡೆಯನ್ನು ಜಾಲಾಡಿ, ಪುಡಿಮಾಡಿ, ಭೂಗತ ಮಾಡತೊಡಗುತ್ತವೆ. ಮಳೆಗಾಲವಾದರೆ ಕೆಲವು ದಿನಗಳಲ್ಲಿ ಅಣಬೆ ಏಳುತ್ತದೆ. ಇಷ್ಟನ್ನು ತಿಳಿಯಲು ಉಪಕರಣ ಬೇಡ, ಪದವಿ ಬೇಡ. ನಿಲ್ಲುವ ತಾಳ್ಮೆಯೊಂದು ಸಾಕು. ಆನೆ ನುಂಗಿದ ಬೇಲದಹಣ್ಣು ಚಿಪ್ಪು ಒಡೆಯದೆ ಹೊರಬಂದರೂ ಒಳಗಿನ ತಿರುಳು ಮಾತ್ರ ಮಾಯವಾಗಿರುತ್ತದೆಂದು ನಮ್ಮ ಪ್ರಾಚೀನರು ‘ಗಜಭುಕ್ತ ಕಪಿತ್ಥ ನ್ಯಾಯ’ವೆಂಬ ಒಂದು ನ್ಯಾಯವನ್ನೇ ಕಟ್ಟಿದರು. ಅದು ಪ್ರತ್ಯಕ್ಷ ಪ್ರಮಾಣವೋ ಕವಿಸಮಯವೋ, ಆ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ತರ್ಕಶಾಸ್ತ್ರವನ್ನು ಬೋಧಿಸುತ್ತಿದ್ದ ಗಂಭೀರ ಪುರುಷರು ಲದ್ದಿಯಲ್ಲಿ ಏನಿರುತ್ತದೆಂಬುದನ್ನು ಚಿಂತಿಸಲು ನಾಚಿರಲಿಲ್ಲವೆಂಬುದಷ್ಟೇ ನನಗೆ ಮುಖ್ಯ.

ಉಳಿದ ಸಸ್ಯಾಹಾರಿಗಳಲ್ಲಿ ಕಾಟಿಯು ಬಹಳ ತೊಡಕಿನದು. ಕುದುರೆಮುಖದ ಹುಲ್ಲುಗಾವಲಿನಲ್ಲಿ ಕಾಣುವ ಕಾಟಿಯ ಸಗಣಿಗೂ ಹಟ್ಟಿಯ ದನದ ಸಗಣಿಗೂ ಇರುವ ಭೇದವನ್ನು ಪಳಗಿದವರೂ ಗೊರಸಿನ ಗುರುತು ನೋಡಿ ತೀರ್ಮಾನಿಸುವರೇ ಹೊರತು ಸಗಣಿಯೊಂದನ್ನೇ ನಂಬಿ ಹೇಳಲಾರರು. ಕಡವೆ, ಜಿಂಕೆ, ಕಾಡುಕುರಿಗಳ ಹಿಕ್ಕೆಗಳು ಕುಲಬಂಧುಗಳಂತೆ ಒಂದನ್ನೊಂದು ಹೋಲುತ್ತವೆ: ಒಂದು ತುದಿ ಚೂಪು, ಇನ್ನೊಂದು ತುದಿ ಮೊಂಡು, ಗಾತ್ರದಲ್ಲಿ ಕಡವೆಯದು ಹಿರಿದು. ಕೊಂಡುಕುರಿಯೆಂಬ ನಾಲ್ಕು ಕೊಂಬಿನ ಪುಟ್ಟ ಪ್ರಾಣಿಗೆ ಮಾತ್ರ ಒಂದು ಶಿಸ್ತುಂಟು. ಅದು ಗೊತ್ತಾದ ಒಂದೇ ಜಾಗಕ್ಕೆ ಮರಳಿ ಮರಳಿ ಬಂದು ಹಿಕ್ಕೆ ಹಾಕುವುದರಿಂದ ಅಲ್ಲಿ ಹಳೆಯದು ಹೊಸದು ಬೆರೆತ ಗುಡ್ಡೆಯೇ ಬೆಳೆದಿರುತ್ತದೆ. ಮುಳ್ಳುಹಂದಿಯದು ನೀಳವಾದ ಕಾಳುಗಳು, ಕೆಲವೊಮ್ಮೆ ನಾರಿನೆಳೆಯಲ್ಲಿ ಪೋಣಿಸಿದಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಮೊಲದ ಹಿಕ್ಕೆಯಂತೂ ಗುಂಡುಗುಂಡಾದ ಒಣ ಹುಲ್ಲಿನ ಗುಳಿಗೆ. ಆ ಸಾಧುಪ್ರಾಣಿಯು ಮೊದಲು ಬರುವ ಮೆತ್ತನೆಯ ಹಿಕ್ಕೆಯನ್ನು ತಾನೇ ತಿಂದು, ಅಳಿದುಳಿದ ಸಾರವನ್ನು ಮತ್ತೊಮ್ಮೆ ಹೀರಿ, ಬಳಿಕವಷ್ಟೇ ಗಟ್ಟಿಯಾದುದನ್ನು ಲೋಕಕ್ಕೆ ಬಿಡುತ್ತದೆ. ಅಂದರೆ ನಾವು ದಾರಿಯಲ್ಲಿ ಕಾಣುವುದು ಪರಿಷ್ಕೃತ ದ್ವಿತೀಯ ಮುದ್ರಣ. ನಮ್ಮ ಕೆಲವು ಲೇಖಕರಿಗೆ ಈ ಅಭ್ಯಾಸವಿದ್ದಿದ್ದರೆ ಎಂದು ಆಗಾಗ ಅನಿಸಿದ್ದುಂಟು.

ಮಾಂಸಾಹಾರಿಗಳ ವಿಷಯದಲ್ಲಿ ಏನು ಬಿದ್ದಿದೆ ಎನ್ನುವುದರಷ್ಟೇ ಎಲ್ಲಿ ಬಿದ್ದಿದೆ ಎನ್ನುವುದೂ ಮುಖ್ಯ. ಜಿಂಕೆಯು ಮೇಯುತ್ತ ಮೇಯುತ್ತ ಎಲ್ಲೆಂದರಲ್ಲಿ ಉದುರಿಸಿ ಮರೆಯುತ್ತದೆ. ಹುಲಿ ಚಿರತೆಗಳಾದರೋ ದಾರಿಯ ಮೇಲೆ, ತಿರುವಿನಲ್ಲಿ, ಎಲ್ಲರ ಮೂಗಿಗೂ ತಾಗುವ ಸ್ಥಳದಲ್ಲಿ ಬೇಕೆಂದೇ ಬಿಡುತ್ತವೆ. ಹಲವು ವೇಳೆ ಪಕ್ಕದಲ್ಲಿ ಹಿಂಗಾಲಿನಿಂದ ನೆಲವನ್ನು ಕೆರೆದ ಗೀರು ಸಹ ಇರುತ್ತದೆ. ಇದು ನನ್ನ ಸರಹದ್ದು ಎಂಬ ಘೋಷಣೆ ಅದು. ನಾವು ಹಾರಿ ಹೋಗುವುದು ಆ ಘೋಷಣೆಯನ್ನು. ಕೆನ್ನಾಯಿಗಳು ಇನ್ನೂ ಸಾಮಾಜಿಕರು: ಎರಡು ದಾರಿಗಳು ಕೂಡುವ ಎಡೆಯಲ್ಲಿ ಇಡೀ ಹಿಂಡು ಒಟ್ಟಾಗಿ ಬಹಿರ್ದೆಸೆ ಮುಗಿಸುವುದರಿಂದ, ಅಂಥ ಕೂಡುದಾರಿಯಲ್ಲಿ ಒಂದೇ ಹೊತ್ತಿನವೆಂದು ತೋರುವ ಹಲವು ತುಂಡುಗಳನ್ನು ಕಂಡರೆ ಮೊದಲು ಅವುಗಳನ್ನೇ ನೆನೆಯಬೇಕು. ಬೆಳ್ಳಗೆ ಸುಣ್ಣದಂತಿರುವುದು ಸಿಕ್ಕಿದರೆ ಬಯಲುಸೀಮೆಯ ಕುರುಚಲು ಗುಡ್ಡಗಳಲ್ಲಿ ಅದು ಮೂಳೆ ಜಗಿಯುವ ಕತ್ತೆಕಿರುಬನದಾಗಿರಬಹುದು. ಆದರೆ ಬಿಸಿಲಿನಲ್ಲಿ ಬಹುಕಾಲ ಬಿದ್ದ ಚಿರತೆಯ ಮಲವೂ ಬೆಳ್ಳಗಾಗುವುದುಂಟು, ಆದುದರಿಂದ ಅವಸರ ಸಲ್ಲದು. ಹುಲಿಯದೋ ಚಿರತೆಯದೋ ಎಂಬ ಪ್ರಶ್ನೆಯಲ್ಲಂತೂ ಅವಸರ ಮೂರ್ಖತನವೇ ಸರಿ. ಹುಲಿಯದು ದಪ್ಪ, ಹುರಿ ಕಡಿಮೆ, ಗಂಟಿನಿಂದ ಗಂಟಿಗೆ ಅಂತರ ಹೆಚ್ಚು. ಚಿರತೆಯದು ಸಣ್ಣದು, ಹೆಚ್ಚು ಹುರಿಗೊಂಡದ್ದು ಎಂದು ಹೇಳುವರು. ಹೇಳಿದವರೇ, ದೊಡ್ಡ ಚಿರತೆ ಮತ್ತು ಎಳೆಯ ಹುಲಿಗಳ ನಡುವೆ ಈ ಲಕ್ಷಣಗಳು ಬೆರೆತುಹೋಗುತ್ತವೆಂದೂ ಒಪ್ಪುವರು. ಪ್ರಯೋಗಶಾಲೆಗಳು ಇಂದು ಡಿಎನ್‌ಎ ಪರೀಕ್ಷೆಯನ್ನು ಆಶ್ರಯಿಸಿರುವುದು ಈ ಕಾರಣದಿಂದಲೇ. ಕಂಡ ಪ್ರತಿ ತುಂಡನ್ನೂ ಹುಲಿಯದೆಂದು ಸಾರುತ್ತ ಬರುವ ಚಾರಣಿಗನನ್ನು ನಂಬಬೇಡಿರಿ. ‘ಇದು ಯಾವುದೋ ದೊಡ್ಡ ಬೆಕ್ಕಿನದು, ಇದರಾಚೆ ಹೇಳಲಾರೆ’ ಎನ್ನುವ ವಾಚರನನ್ನು ನಂಬಿರಿ.

ನಾಗರಹೊಳೆಯ ಕಾಡಿನಲ್ಲಿ 1986ರಿಂದ 1990ರವರೆಗೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿ, ಮೆಲ್ ಸನ್‌ಕ್ವಿಸ್ಟ್ ಅವರೊಡನೆ 1995ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ಸ್ಮರಿಸದೆ ಇರಲಾಗದು. ಹುಲಿ, ಚಿರತೆ, ಕೆನ್ನಾಯಿ ಈ ಮೂರೂ ಒಂದೇ ಕಾಡಿನಲ್ಲಿ ಹೇಗೆ ಬಾಳುತ್ತವೆಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ದೊರೆತದ್ದು ಬೇಟೆಗೆ ಬಿದ್ದ ಪ್ರಾಣಿಗಳ ಕಳೇಬರಗಳಿಂದ ಮತ್ತು ದಾರಿದಾರಿಯಲ್ಲಿ ಆಯ್ದ ಮಲದಿಂದ. ತೊಳೆದು ಸೋಸಿದ ಮಲದಲ್ಲಿ ಉಳಿಯುವ ಕೂದಲೆಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಅದು ಯಾವ ಪ್ರಾಣಿಯದೆಂದು ತಿಳಿಯುತ್ತದೆ; ಜೀರ್ಣಾಗ್ನಿಯು ಮಾಂಸವನ್ನು ಕರಗಿಸಿದರೂ ಕೂದಲನ್ನು ಕರಗಿಸಲಾರದು. ಹುಲಿಯು 176 ಕಿಲೋಗೂ ಮೀರಿದ ಭಾರೀ ಪ್ರಾಣಿಗಳನ್ನು ಆರಿಸಿಕೊಳ್ಳುತ್ತದೆ, ಚಿರತೆ ಕೆನ್ನಾಯಿಗಳು 30ರಿಂದ 175 ಕಿಲೋದವನ್ನು ಅರಸುತ್ತವೆ ಎಂಬುದಾಗಿ ಕಾಡಿನ ಈ ಪಂಕ್ತಿಭೇದ ಬೆಳಕಿಗೆ ಬಂದುದು ಹಾಗೆ. ಊರಿನ ಅಂಚಿನ ಗುಡ್ಡಗಳಲ್ಲಿ ಚಿರತೆಯ ಮಲವನ್ನು ಹಾಗೆಯೇ ಶೋಧಿಸಿದರೆ ನಾಯಿಯ ಕೂದಲು, ಮೇಕೆಯ ಕೂದಲು ಸಿಗುವುದು ಅಪರೂಪವಲ್ಲ. ಕಳೆದುಹೋದ ನಾಯಿಯ ಬಗ್ಗೆ ಊರಿನವರಿಗಿಂತ ಮೊದಲು ದಾರಿಗೆ ತಿಳಿದಿರುತ್ತದೆ.

ಕರಡಿಯ ಮಲ ನನಗೆ ಎಲ್ಲಕ್ಕಿಂತ ಪ್ರಿಯವೆಂದರೆ ಓದುಗರು ನಕ್ಕಾರು. ಬೇಸಗೆಯಲ್ಲಿ ಅದರ ತುಂಬ ಕಕ್ಕೆಯ ಬೀಜ, ಎಲಚಿಯ ಓಟೆ, ನೇರಳೆಯ ಬಣ್ಣ. ಹಣ್ಣಿಲ್ಲದ ಕಾಲದಲ್ಲಿ ಗೆದ್ದಲಿನ ಮತ್ತು ಇರುವೆಗಳ ಮಿನುಗುವ ತಲೆಚಿಪ್ಪುಗಳು. ಆ ಗುಡ್ಡದ ಋತುಮಾನವನ್ನು ಪಂಚಾಂಗಕ್ಕಿಂತ ಖಚಿತವಾಗಿ ಅದು ಹೇಳೀತು. ಮರಬೆಕ್ಕಾದರೋ ಬಂಡೆಯ ಮೇಲೆ, ಬಿದ್ದ ಮರದ ದಿಮ್ಮಿಯ ಮೇಲೆ, ಬೈನೆಯ ಬೀಜಗಳನ್ನೂ ಕಾಫಿಯ ಬೀಜಗಳನ್ನೂ ನೀಟಾಗಿ ಇಟ್ಟು ಹೋಗುತ್ತದೆ. ಕೊಡಗಿನಲ್ಲಿ ಇದೇ ಕಾಫಿಬೀಜವನ್ನು ಆಯ್ದು, ತೊಳೆದು, ಹುರಿದು, ಅಂದವಾದ ಪೊಟ್ಟಣದಲ್ಲಿಟ್ಟು ದುಬಾರಿ ಬೆಲೆಗೆ ಮಾರುತ್ತಾರೆ. ದಾರಿಯಲ್ಲಿ ಅದನ್ನು ಕಂಡು ಮೂಗು ಮುಚ್ಚಿದವರೇ ಅಂಗಡಿಯಲ್ಲಿ ಅದರ ಪರಿಮಳವನ್ನು ಹೊಗಳುವುದನ್ನು ನಾನು ಕೇಳಿದ್ದೇನೆ. ತುಂಗಭದ್ರೆಯ ಬಂಡೆಗಳ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪುಗಳಿಂದ ಕೂಡಿದ, ಹಸಿಮೀನಿನ ಗಾಢ ವಾಸನೆಯ ಗುರುತುಗಳಿದ್ದರೆ ಅವು ನೀರುನಾಯಿಗಳವು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸಾರಿದ ಮೇಲೂ, ನಾಚಿಕೆಯ ಆ ಪ್ರಾಣಿ ಅಲ್ಲಿದೆಯೆಂಬುದಕ್ಕೆ ಬಹುಪಾಲು ಜನರಿಗೆ ದೊರೆಯಬಹುದಾದ ಸಾಕ್ಷ್ಯ ಬಂಡೆಯ ಮೇಲಿನ ಆ ಗುರುತೊಂದೇ.

ಇದೆಲ್ಲ ಕೆಲಸವಿಲ್ಲದವರ ವಿನೋದವೆಂದು ಭಾವಿಸುವವರಿಗೆ ಒಂದೆರಡು ಲೆಕ್ಕಗಳನ್ನು ಕೊಡಬೇಕಾಗಿದೆ. ಡೆಹರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ಆನೆಗಳ ಅಂದಾಜು ನಿಂತಿರುವುದು ಲದ್ದಿಯ ಮೇಲೆ: ಲದ್ದಿಯ ಮೇಲಿನ ಲೋಳೆಯಲ್ಲಿ ಕರುಳಿನ ಜೀವಕೋಶಗಳಿರುವುದರಿಂದ ಅದರ ಡಿಎನ್‌ಎ ಒಂದೊಂದು ಆನೆಯನ್ನೂ ಬೇರೆಬೇರೆಯಾಗಿ ತೋರಿಸಿಕೊಡುತ್ತದೆ. ದೇಶದ ಕಾಡುಗಳಿಂದ 21,056 ಲದ್ದಿಯ ಮಾದರಿಗಳನ್ನು ಕೂಡಿಸಿ, ಅವುಗಳಲ್ಲಿ 4,065 ಬೇರೆಬೇರೆ ಆನೆಗಳನ್ನು ಗುರುತಿಸಿ, ಒಟ್ಟು ಸಂಖ್ಯೆ 22,446 ಎಂದೂ ಕರ್ನಾಟಕದ ಪಾಲು 6,013 ಎಂದೂ ಲೆಕ್ಕ ಹಾಕಿದರು. ದೇಶದಲ್ಲಿಯೇ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದೆಂಬ ಹೆಮ್ಮೆಯ ಬುಡದಲ್ಲಿ ಲದ್ದಿಯಿದೆ. 2022ರ ಹುಲಿ ಗಣತಿಯಲ್ಲಿ ದೇಶದ ಅರಣ್ಯ ಸಿಬ್ಬಂದಿ ಇಂಥ ಗುರುತುಗಳನ್ನು ಅರಸುತ್ತ ಕಾಲುನಡೆಯಲ್ಲಿ ಸವೆಸಿದ ಹಾದಿ 6,41,449 ಕಿಲೋಮೀಟರು. ಅಷ್ಟು ನಡೆದವರು ಯಾರು? ಗಾರ್ಡುಗಳು, ದಿನಗೂಲಿಯ ವಾಚರುಗಳು, ನಮ್ಮ ಕಡೆಯಲ್ಲಿ ಜೇನುಕುರುಬರು, ಸೋಲಿಗರು. ಈ ವಿದ್ಯೆಯಲ್ಲಿ ಅವರು ಪಾರಂಗತರು. ಆದರೆ ಅದೇ ಜನ ಭಾನುವಾರದಂದು ಚಾರಣಿಗರ ಮುಂದೆ ನಡೆಯುವಾಗ ನಾವು ಅವರಿಗೆ ಕೇಳುವ ಪ್ರಶ್ನೆ ಒಂದೇ: ಇನ್ನೆಷ್ಟು ದೂರ?

ನನ್ನ ದೂರು ಇರುವುದು ಇಲ್ಲಿ. 2024ರ ಜನವರಿಯ ರಜೆಯಲ್ಲಿ, ಗಿರಿಗದ್ದೆಯ ಆ ದಾರಿ ಏರಿ ಮುಟ್ಟುವ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ, ಸರ್ಕಾರವು ಚಾರಣಕ್ಕೆ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಮಂದಿಯೆಂದು ಮಿತಿ ಹಾಕಿತು. ಒಳ್ಳೆಯದಾಯಿತು. ಆದರೆ ತಲೆಗಳನ್ನು ಎಣಿಸಿದ ಮಾತ್ರಕ್ಕೆ ಕಣ್ಣುಗಳು ತೆರೆಯುವುದಿಲ್ಲ. ಅನುಮತಿ ಚೀಟಿಯ ಜೊತೆಗೆ, ಹತ್ತುವ ಮುನ್ನ ಅರ್ಧ ಗಂಟೆ, ಆ ದಾರಿಯಲ್ಲಿ ಓಡಾಡುವ ವಾಚರೊಬ್ಬರಿಂದ ಈ ಗುರುತುಗಳ ಪಾಠವಾಗಬೇಕು. ಆ ಪಾಠಕ್ಕೆ ಅವರಿಗೆ ಬೇರೆಯಾಗಿ ಸಂಭಾವನೆ ಸಲ್ಲಬೇಕು. ಸಾಮಾನು ಹೊರುವುದಕ್ಕಲ್ಲ, ಹೊತ್ತು ನೋಡಿಕೊಳ್ಳುವುದಕ್ಕಲ್ಲ, ವಿದ್ಯೆಗೆ. ಶಿಖರ ಮುಟ್ಟಿದವರಿಗೆ ಪ್ರಮಾಣಪತ್ರ ಕೊಡುವ ತಂಡಗಳು ಬೇಕಾದಷ್ಟಿವೆ. ಒಂದು ಫರ್ಲಾಂಗು ದಾರಿಯನ್ನು ಒಂದು ಗಂಟೆ ನಡೆದವರಿಗೆ ಯಾರೂ ಏನನ್ನೂ ಕೊಡುವುದಿಲ್ಲ.

ಇದರಿಂದ ಅನಾಹುತವೂ ಆದೀತೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವವನಲ್ಲ. ಅರ್ಧ ಕಲಿತವನು ಬಿಸಿ ಲದ್ದಿಯನ್ನು ಕಂಡು ಹಿಂದೆ ಸರಿಯುವ ಬದಲು ಆನೆಯನ್ನು ಹುಡುಕುತ್ತ ಮುಂದೆ ಹೋದಾನು. ಕೆನ್ನಾಯಿಯ ಕೂಡುದಾರಿಯ ಚಿತ್ರವನ್ನು ಸ್ಥಳದ ಹೆಸರಿನೊಡನೆ ಮೊಬೈಲಿನಲ್ಲಿ ಹಂಚಿ ಬೇಟೆಗಾರರಿಗೆ ದಾರಿ ತೋರಿಸಿಯಾನು. ಮಾಂಸಾಹಾರಿಗಳ ಮಲದಲ್ಲಿ ಮನುಷ್ಯನಿಗೆ ಅಂಟಬಲ್ಲ ಹುಳುಗಳ ಮೊಟ್ಟೆಗಳಿರುವುದೂ ಉಂಟು. ಆದುದರಿಂದ ಬರಿಗೈಯಲ್ಲಿ ಮುಟ್ಟಕೂಡದು, ಮುಖವನ್ನು ಹತ್ತಿರ ಒಯ್ದು ಮೂಸಕೂಡದು, ದಾರಿ ಬಿಟ್ಟು ಒಳಹೋಗಕೂಡದು, ಮನೆಗೆ ತರಕೂಡದು. ಕೆದಕುವ ಕೆಲಸ ವಾಚರದಾಗಿರಲಿ, ಚಿತ್ರ ತೆಗೆದರೆ ಅಳತೆಗೆ ಪಕ್ಕದಲ್ಲೊಂದು ಪೆನ್ನು ಇಟ್ಟು, ಸ್ಥಳದ ಹೆಸರು ಬರೆಯದಿರಲಿ. ಪಾಠವೆಂದರೆ ಇವೂ ಪಾಠವೇ. ಇಷ್ಟಕ್ಕೂ ಈಗಿನ ಅಜ್ಞಾನದಿಂದ ಕಾಡಿಗಾಗಲಿ ಚಾರಣಿಗನಿಗಾಗಲಿ ಯಾವ ರಕ್ಷಣೆ ದೊರೆತಿದೆಯೆಂಬುದನ್ನು ಆಕ್ಷೇಪಿಸುವವರು ಹೇಳಬೇಕು.

ಇನ್ನೊಂದು ಪ್ರಾಣಿಯ ವಿಷಯವನ್ನು ಇಷ್ಟು ಹೊತ್ತು ಬೇಕೆಂದೇ ತಡೆದಿದ್ದೆನು. ಜನಪ್ರಿಯವಾದ ಯಾವ ಬೆಟ್ಟಕ್ಕೇ ಹೋಗಿರಿ, ತಂಗುವ ಜಾಗದಿಂದ ಐವತ್ತು ಹೆಜ್ಜೆಯೊಳಗೆ, ತೊರೆಯ ಪಕ್ಕದಲ್ಲಿ, ಬಂಡೆಯ ಮರೆಯಲ್ಲಿ, ಬಿಳಿಯ ಕಾಗದದ ಚೂರುಗಳಿಂದ ಅಲಂಕೃತವಾದ, ತಜ್ಞರ ನೆರವಿಲ್ಲದೆಯೇ ಗುರುತಿಸಬಹುದಾದ ಮಲವೊಂದು ಹೇರಳವಾಗಿ ಕಾಣಸಿಗುತ್ತದೆ. ನೀರಿನಿಂದ 60 ಮೀಟರು ದೂರ ಹೋಗಿ, ಗೇಣುದ್ದದ ಗುಳಿ ತೋಡಿ, ಮಣ್ಣು ಮುಚ್ಚುವ ಶ್ರಮವನ್ನು ಆ ಪ್ರಾಣಿ ವಹಿಸುವುದಿಲ್ಲ. ಮನೆಯ ಬೆಕ್ಕು ವಹಿಸುತ್ತದೆ. ಚಿರತೆಯೂ ಕೆನ್ನಾಯಿಯೂ ನಮ್ಮ ಈ ಗುರುತುಗಳನ್ನು ನಮ್ಮಂತೆ ಮೂಗು ಮುಚ್ಚಿ ಹಾರುವುದಿಲ್ಲ. ಮನುಷ್ಯರು ಬಂದುಹೋದದ್ದನ್ನು ಮೂಸಿ ತಿಳಿಯುತ್ತವೆ.

ಅಂದು ಗಿರಿಗದ್ದೆಗೆ ಬಂದು, ಭಟ್ಟರ ಮನೆಯಲ್ಲಿ ಊಟ ಮುಗಿಸಿ, ಜಗಲಿಯಲ್ಲಿ ಕುಳಿತಿದ್ದಾಗ ವಾಚರ್ ತಮ್ಮ ಚೀಲದ ಬದಿಗೆ ಸಿಕ್ಕಿಸಿದ್ದನ್ನು ಹೊರತೆಗೆದು ತಮ್ಮ ಕಸದ ಗೋಣಿಗೆ ಹಾಕಹೊರಟರು. ಆ ಹುಡುಗರಲ್ಲೊಬ್ಬನು, ಎಮ್ಮೆಯೆಂದಿದ್ದವನೇ, ಏನದು ಎಂದು ಕೈಚಾಚಿದ. ಬೆಳ್ಳಿಬಣ್ಣದ, ಗೇಣುದ್ದದ, ಮಡಿಕೆ ಮಡಿಕೆಯಾದ ಒಂದು ಚೂರು. ಆನೆಯ ಹೊಟ್ಟೆಯನ್ನು ಪೂರ್ತಿ ದಾಟಿ ಬಂದಿದ್ದರೂ ಅದರ ಮೇಲೆ ಅಚ್ಚಾಗಿದ್ದ ಬೆಲೆಯನ್ನು ಇನ್ನೂ ಓದಬಹುದಾಗಿತ್ತು: 10 ರೂಪಾಯಿ.